ಅಲ್ ಹಮ್ರಾದ ತೋಟದಲ್ಲಿ ನನ್ನ ತಮ್ಮ

ಇನ್ನಂಜೆ

ಒಮಾನ್ ದೇಶವನ್ನು ನೋಡಬೇಕೆಂಬ ಆಸೆ ನನಗೆ ಎಂದೂ ಇರಲಿಲ್ಲ. ನಮ್ಮ ಇನ್ನಂಜೆಯ ಮಟ್ಟಿಗೆ ಮಸ್ಕತ್ ಎಂದರೆ ನೋಡಲು ಹೋಗುವ ಊರಲ್ಲ, ಮನೆಯ ಗಂಡಸರು ದುಡಿಯಲು ಹೋಗುವ ಒಂದು ಜಾಗ. ಎರಡು ವರ್ಷಕ್ಕೊಮ್ಮೆ ಅವರು ಸೋಪು, ಕಂಬಳಿ, ಖರ್ಜೂರ ಹೊತ್ತುಕೊಂಡು ಬರುತ್ತಾರೆ, ನಾಲ್ಕು ಮದುವೆ ಉಣ್ಣುತ್ತಾರೆ, ಮತ್ತೆ ಹೋಗುತ್ತಾರೆ. ನನ್ನ ತಮ್ಮ ಲೋಕೇಶ ಹಾಗೆ ಹೋದವನು. ಅವನು ಹೋಗಿ ಮೂವತ್ತು ವರ್ಷ ದಾಟಿದೆ. ಮದುವೆಯಾಗಲಿಲ್ಲ. ಇತ್ತೀಚಿನ ಐದಾರು ವರ್ಷ ಊರಿಗೂ ಬರಲಿಲ್ಲ. ಫೋನಿನಲ್ಲಿ ಕೇಳಿದರೆ "ಬರುವ ವರ್ಷ ನೋಡುವ ಅಕ್ಕ" ಎನ್ನುತ್ತಿದ್ದ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ಆ ಕಡೆಯವರು ಹಿಂದಿಯಲ್ಲಿ ಮಾತಾಡಿದರು. ತಾನು ನಾಸಿರ್, ಲೋಕೇಶ್ ಕೆಲಸ ಮಾಡುವ ತೋಟದ ಯಜಮಾನ ಸಾಲಿಂ ಅವರ ಮಗ ಎಂದರು. "ಲೋಕೇಶ್ ಚೆನ್ನಾಗಿದ್ದಾರೆ, ಹೆದರಬೇಡಿ. ಆದರೂ ನೀವು ಒಮ್ಮೆ ಬಂದು ನೋಡಿದರೆ ಒಳ್ಳೆಯದು. ನಾನು ಫೋನ್ ಮಾಡಿದ್ದು ಅವರಿಗೆ ಗೊತ್ತಾಗುವುದು ಬೇಡ."

ನಾನು ಮಣಿಪಾಲದ ಆಸ್ಪತ್ರೆಯೊಂದರಲ್ಲಿ ದಾದಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. "ಹೆದರಬೇಡಿ" ಎಂಬ ಮಾತನ್ನು ನಾನೇ ಎಷ್ಟೋ ಮನೆಯವರಿಗೆ ಹೇಳಿದ್ದೇನೆ. ಅದನ್ನು ಯಾವಾಗ ಹೇಳುತ್ತಾರೆಂದು ನನಗೆ ಗೊತ್ತು. ನನ್ನ ಗಂಡನಿಗೆ ವಿಷಯ ಹೇಳಿದೆ. ಅವರು ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿ, "ನೋಡಿ ಬರ್ಲಿಕ್ಕೆ ಹೋಗ್ಬೇಡ. ಕರ್ಕೊಂಡು ಬರ್ಲಿಕ್ಕೆ ಹೋಗು" ಎಂದರು. ತಮ್ಮನಿಗೆ ಮಾತ್ರ, ರಿಟೈರ್ ಆದ ಮೇಲೆ ಬೇಸರವಾಗಿದೆ, ನಿನ್ನ ಊರು ನೋಡಲು ಬರುತ್ತೇನೆ ಎಂದು ಹೇಳಿದೆ. ಅವನು, "ಬಾ. ಎಟ್ಟಿ ತಾ" ಎಂದ. ಎಟ್ಟಿ ಎಂದರೆ ನಮ್ಮ ಕಡೆಯ ಸಿಗಡಿ. ಅವನು ಕೇಳಿದ್ದು ಒಣಗಿಸಿದ್ದು.

ಮಸ್ಕತ್

ಆ ಎಟ್ಟಿಯೇ ಮಸ್ಕತ್ ವಿಮಾನ ನಿಲ್ದಾಣದಲ್ಲಿ ನನ್ನ ಮರ್ಯಾದೆ ತೆಗೆಯಿತು. ಉಚ್ಚಿಲದಲ್ಲಿ ಪರಿಚಯದ ಮೀನಿನ ಹೆಂಗಸು ನಾಲ್ಕು ಪ್ಲಾಸ್ಟಿಕ್ ಸುತ್ತಿ ಕೊಟ್ಟಿದ್ದಳು. ಆದರೂ ನನ್ನ ಪೆಟ್ಟಿಗೆ ಬರುವ ಮೊದಲೇ ಅದರ ವಾಸನೆ ಬಂದಿತ್ತು. ಬಿಳಿ ನಿಲುವಂಗಿಯ ಯುವಕನೊಬ್ಬ ಪೆಟ್ಟಿಗೆ ತೆರೆಸಿ, ಪೊಟ್ಟಣವನ್ನು ಮೂಗಿನ ಹತ್ತಿರ ತಂದು, ತಕ್ಷಣ ದೂರ ಹಿಡಿದ. ಪಕ್ಕದವನನ್ನು ಕರೆದ. ಆ ಪಕ್ಕದವನು ಕಡಲ ತೀರದವನಿರಬೇಕು. ಮೂಸಿ ನೋಡಿ ನಕ್ಕು, ನನಗೆ ಅರ್ಥವಾಗದ ಅರಬ್ಬಿಯಲ್ಲಿ ಏನೋ ಹೇಳಿ, ಪೊಟ್ಟಣವನ್ನು ಮೊದಲಿಗಿಂತ ಚೆಂದವಾಗಿ ಕಟ್ಟಿಕೊಟ್ಟ.

ಹೊರಗೆ ತಮ್ಮ ನಿಂತಿದ್ದ. ನಾಸಿರರೇ ಕಾರು ಓಡಿಸಿಕೊಂಡು ಅವನನ್ನು ಕರೆತಂದಿದ್ದರು. ನನ್ನನ್ನು ಕಂಡು ಕೈ ಎತ್ತಿದ. ಒಂದೇ ಕೈ. ಇನ್ನೊಂದು ಕೈಯನ್ನು ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದ. ಕಾರಿನವರೆಗೆ ನಡೆಯುವಾಗ ಅವನ ಹೆಜ್ಜೆ ಚಿಕ್ಕದಾಗಿರುವುದನ್ನು ನೋಡಿದೆ. ಬಿಸಿಲಿನ ದೇಶದಲ್ಲಿ ದುಡಿದ ಮೈ, ಅರುವತ್ತರ ಹತ್ತಿರದ ವಯಸ್ಸು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅವನ ಮುಖ ನಗಲು ತಡಮಾಡುತ್ತಿತ್ತು. ಚಿಕ್ಕಂದಿನಲ್ಲಿ ಕಾಪುವಿನ ಮಾರಿಪೂಜೆಯಲ್ಲಿ ಕಳೆದುಹೋಗಿ ಸಿಕ್ಕಿದಾಗಲೂ ನಕ್ಕವನು ಅವನು.

ಮಸ್ಕತ್ ದಾಟಿದ ಮೇಲೆ ದಾರಿಯ ಎರಡೂ ಬದಿ ಬೆಟ್ಟಗಳು. ಹಸಿರು ಎಂಬುದು ಹೆಸರಿಗೂ ಇಲ್ಲ. ಕಾರ್ಕಳದಲ್ಲಿ ಗೊಮ್ಮಟ ನಿಂತ ಬಂಡೆಯನ್ನು ನೋಡಿದವರಿಗೆ ಹೇಳುವುದಾದರೆ, ಅಂಥ ಬಂಡೆಯ ಹಿಂದೆ ಬಂಡೆ, ಕೊನೆಯೇ ಇಲ್ಲದ ಹಾಗೆ. ಗೊಮ್ಮಟನೂ ಇಲ್ಲ, ಕೆಳಗೆ ಗದ್ದೆಯೂ ಇಲ್ಲ. ಇಲ್ಲಿ ಮನುಷ್ಯ ಏನು ಬೆಳೆಯುತ್ತಾನೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ತಮ್ಮ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ್ದ.

ಅಲ್ ಹಮ್ರಾ

ಅಲ್ ಹಮ್ರಾ ಒಂದು ದೊಡ್ಡ ಬೆಟ್ಟದ ಬುಡದಲ್ಲಿದೆ. ಬೆಟ್ಟದಿಂದ ಇಳಿದ ಸಣ್ಣ ಊರು ಅದು. ಒಂದು ಪೇಟೆ, ಕೆಲವು ಅಂಗಡಿ, ಮಸೀದಿ, ಅದರ ಕೆಳಗೆ ಇದ್ದಕ್ಕಿದ್ದಂತೆ ಖರ್ಜೂರದ ತೋಟಗಳು. ತೋಟದೊಳಗೆ ಕಾಲಿಟ್ಟ ಕೂಡಲೇ ತಂಪು ತಾಗಿತು. ಖರ್ಜೂರದ ನೆರಳಲ್ಲಿ ಲಿಂಬೆ, ಮಾವು, ಬಾಳೆ; ಅದರ ಕೆಳಗೆ ದನಕ್ಕೆ ಹಾಕುವ ಹುಲ್ಲಿನ ಮಡಿಗಳು. ಮೇಲಿನ ಒಣ ಬೆಟ್ಟಕ್ಕೂ ಈ ನೆರಳಿಗೂ ಸಂಬಂಧವೇ ಇಲ್ಲವೆನಿಸುವಂತಿತ್ತು.

ತಮ್ಮ ನನ್ನನ್ನು ಮರಗಳ ನಡುವೆ ಕರೆದುಕೊಂಡು ಹೋಗಿ ತೋರಿಸತೊಡಗಿದ. ಒಂದು ಮರದ ಕಾಂಡ ತಟ್ಟಿ, "ಇದು ಖಲಾಸ್" ಎಂದ. ನನಗೆ ಪಾಪ ಎನಿಸಿತು. ಒಳ್ಳೆಯ ಮರ, ಗರಿ ಎಲ್ಲ ಹಸಿರಾಗಿಯೇ ಇತ್ತು. ಮುಂದಿನದ್ದಕ್ಕೂ "ಇದೂ ಖಲಾಸ್" ಎಂದ.

"ಇಷ್ಟೊಂದು ಸತ್ತು ಹೋದರೆ ಅವರಿಗೆ ನಷ್ಟ ಅಲ್ವಾ ಮಾರಾಯ?" ಎಂದೆ.

ಅವನು ನನ್ನನ್ನು ನೋಡಿ, ಆ ದಿನ ಮೊದಲ ಬಾರಿಗೆ ನಕ್ಕ. "ಖಲಾಸ್ ಅಂದ್ರೆ ಜಾತಿಯ ಹೆಸರು ಅಕ್ಕ. ಎಲ್ಲದಕ್ಕಿಂತ ಒಳ್ಳೆ ಹಣ್ಣು. ಅದು ಫರ್ದ್, ಆಚೆಯದ್ದು ನಘಾಲ್. ನಘಾಲ್ ಎಲ್ಲಕ್ಕಿಂತ ಮೊದಲು ಹಣ್ಣಾಗ್ತದೆ."

ನಾವಿಬ್ಬರೂ ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತೋಟದ ನಡುವಿನಿಂದ ಯಾರೋ ಕೋಲೂರಿಕೊಂಡು ಬರುತ್ತಿದ್ದರು. ಬಿಳಿ ಗಡ್ಡ, ತಲೆಗೆ ಸುತ್ತಿದ ಶಾಲು. ದೂರದಿಂದಲೇ, "ಅಕ್ಕ ಬಂದರಾ?" ಎಂದು ಕೇಳಿದರು. ಅದು ಸಾಲಿಂ. ಸಕ್ಕರೆ ಕಾಯಿಲೆಯಿಂದ ಅವರ ಎರಡೂ ಕಣ್ಣು ಹೋಗಿದ್ದವು. ಬೆಳಕು, ನೆರಳು ಅಷ್ಟೇ ತಿಳಿಯುತ್ತಿತ್ತು. ಆ ಊರಿನಲ್ಲಿ ಎಲ್ಲರೂ ನನ್ನ ಹೆಸರೇ 'ಅಕ್ಕ' ಎಂದು ತಿಳಿದಿದ್ದರು. ಇಷ್ಟು ವರ್ಷ ನನ್ನ ತಮ್ಮ ಅವರ ಬಳಿ ನನ್ನ ಬಗ್ಗೆ ಹೇಳುವಾಗೆಲ್ಲ ಹಾಗೆಯೇ ಹೇಳಿದ್ದನಂತೆ. ಅಂಗಡಿಯವನೂ ಅಕ್ಕ ಎಂದ, ಮಸೀದಿಯ ಮುದುಕರೂ ಅಕ್ಕ ಎಂದರು.

ಸಾಲಿಂ ಹರಕು ಹಿಂದಿಯಲ್ಲಿ ಮಾತಾಡುತ್ತಿದ್ದರು. ಯುವಕನಾಗಿದ್ದಾಗ ಮುಂಬಯಿಗೆ ಲಿಂಬೆ ಒಣಗಿಸಿ ಕಳಿಸುವವರ ಹತ್ತಿರ ಇದ್ದರಂತೆ. ಲೋಕೇಶ ಈ ತೋಟಕ್ಕೆ ಬಂದ ಕಥೆಯನ್ನು ಅವರೇ ಹೇಳಿದರು. ಅವನು ಮೊದಲು ಬಂದದ್ದು ಕಟ್ಟಡದ ಕೆಲಸಕ್ಕೆ. ನಾಸಿರರ ಮನೆ ಕಟ್ಟುವಾಗ ಒಂದು ದಿನ ತೋಟದ ಕೆಲಸದವನು ಜ್ವರ ಬಂದು ಮಲಗಿದ. ಮರ ಹತ್ತುವವರಿಲ್ಲ. ಕಲ್ಲು ಹೊರುತ್ತಿದ್ದ ಈ ಹುಡುಗ ಕೆಳಗಿಟ್ಟು ಬಂದು, ಹಗ್ಗ ಕೇಳಿ, ಮರ ಹತ್ತಿಬಿಟ್ಟ. "ಬೆಕ್ಕಿನ ಹಾಗೆ" ಎಂದರು ಸಾಲಿಂ. "ನಾನು ಕೇಳಿದೆ, ಯಾರು ಕಲಿಸಿದರು? ನನ್ನ ಅಪ್ಪ ಎಂದ. ನಿಮ್ಮ ಅಪ್ಪ ಮರದಿಂದ ಏನು ತೆಗೆಯುತ್ತಿದ್ದರು, ಅಕ್ಕ?"

ನಾನು ತಮ್ಮನ ಮುಖ ನೋಡಿದೆ. ಅವನು ಬೇರೆ ಕಡೆ ನೋಡುತ್ತಿದ್ದ. ನಮ್ಮ ತಂದೆ ತಾಳೆ ಮತ್ತು ತೆಂಗಿನ ಮರದಿಂದ ಕಳ್ಳು ಇಳಿಸುತ್ತಿದ್ದವರು. ಜೀವಮಾನವಿಡೀ ಮಾಡಿದ್ದು ಅದನ್ನೇ.

"ಬೆಲ್ಲ" ಎಂದೆ. ಸುಳ್ಳಲ್ಲ, ಕೆಲವು ದಿನ ಉಳಿದದ್ದನ್ನು ಅಮ್ಮ ಕಾಯಿಸಿ ಓಲೆಬೆಲ್ಲ ಮಾಡುತ್ತಿದ್ದಳು.

"ಇವನೂ ಅದನ್ನೇ ಹೇಳಿದ" ಎಂದು ಸಾಲಿಂ ತಲೆಯಾಡಿಸಿದರು. ಅವರಿಗೆ ಎಲ್ಲವೂ ಗೊತ್ತಿತ್ತೆಂದು ನನಗೆ ಅನುಮಾನ.

ಕಾಲುವೆ

ಮರುದಿನ ಬೆಳಿಗ್ಗೆ ನಾನೊಂದು ತಪ್ಪು ಮಾಡಿದೆ. ತಮ್ಮನ ಕೋಣೆ ತೋಟದ ಅಂಚಿನಲ್ಲಿ. ಅದರ ಮೇಲ್ಭಾಗದಲ್ಲಿ ಕಲ್ಲು ಗಾರೆಯ ಒಂದು ಕಾಲುವೆ ಹರಿಯುತ್ತದೆ. ಇಲ್ಲಿಯವರು ಅದಕ್ಕೆ ಫಲಜ್ ಎನ್ನುತ್ತಾರೆ. ಬೆಟ್ಟದ ಒಳಗಿನ ಒರತೆಯಿಂದ ಅಜ್ಜಂದಿರ ಅಜ್ಜಂದಿರು ತೋಡಿ ತಂದ ನೀರು, ಯಾವ ಪಂಪೂ ಇಲ್ಲದೆ ಊರಿಗೆ ಬರುತ್ತದೆ. ಕನ್ನಡಿಯಂಥ ನೀರು ಕಂಡು ಚಪ್ಪಲಿ ಬಿಟ್ಟು ಕಾಲಿಳಿಸಿದೆ. ಅಷ್ಟರಲ್ಲಿ ಒಬ್ಬರು ಹೆಂಗಸು ಕೂಗುತ್ತ ಬಂದು ನನ್ನ ತೋಳು ಹಿಡಿದು ಎಳೆದರು. ಅವರು ಸಾಲಿಂ ಅವರ ಹೆಂಡತಿ. ಕೈಸನ್ನೆಯಲ್ಲಿ ತೋರಿಸಿದರು: ಇಲ್ಲಿ ಕುಡಿಯುವ ನೀರು. ಅದರ ಕೆಳಗೆ ಮಸೀದಿಯವರು ಕೈಕಾಲು ತೊಳೆಯುವುದು. ಅದರ ಕೆಳಗೆ ಸ್ನಾನ, ಬಟ್ಟೆ. ಕೊನೆಗೆ ತೋಟ. ಆಮೇಲೆ ನನ್ನನ್ನು ಕೈಹಿಡಿದು ಕೆಳಗಿನ ಜಾಗಕ್ಕೆ ಕರೆದೊಯ್ದು, ತಾವೂ ಪಕ್ಕದಲ್ಲಿ ಕೂತು ಕಾಲು ತೊಳೆದರು.

ನಾಚಿಕೆಯಾಯಿತು. ಜೊತೆಗೆ ಹಳೆಯದೊಂದು ನೆನಪೂ ಬಂತು. ನಾನು ಚಿಕ್ಕವಳಿದ್ದಾಗ ನಮ್ಮೂರಿನ ಒಂದು ದೊಡ್ಡ ಮನೆಯ ಬಾವಿಕಟ್ಟೆಯಿಂದ ನನ್ನನ್ನು ಹೀಗೆಯೇ ಕೂಗಿ ಇಳಿಸಿದ್ದರು. ಅಂದು ಯಾರೂ ಕೈಹಿಡಿದು ಬೇರೆ ಜಾಗ ತೋರಿಸಿರಲಿಲ್ಲ. ನೀರಿಗೆ ನಿಯಮ ಬೇಕು, ನಿಜ. ಆದರೆ ಅದು ಕಾಲಿಡುವ ಜಾಗದ ಬಗ್ಗೆ ಇರುವುದು ಬೇರೆ, ಕಾಲಿನ ಬಗ್ಗೆ ಇರುವುದು ಬೇರೆ.

ತೋಟಗಳಿಗೆ ಈ ನೀರು ಸರದಿಯಲ್ಲಿ ಹೋಗುತ್ತದೆ. ಬಯಲಿನಲ್ಲಿ ಒಂದು ಕೋಲು ನೆಟ್ಟಿದ್ದಾರೆ. ಅದರ ನೆರಳು ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಹೋಗುವವರೆಗೆ ಯಾರ ತೋಟಕ್ಕೆ ನೀರು ಎಂಬುದು ತಲೆಮಾರುಗಳ ಹಿಂದೆಯೇ ತೀರ್ಮಾನವಾಗಿದೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಆದರೂ ಮುದುಕರು ಕೋಲನ್ನೇ ನಂಬುತ್ತಾರೆ. ನಮ್ಮ ಇನ್ನಂಜೆಯಲ್ಲಿ ಸುಗ್ಗಿ ಬೆಳೆಗೆಂದು ತೋಡಿಗೆ ಅಡ್ಡಲಾಗಿ ಮಣ್ಣಿನ ಕಟ್ಟ ಹಾಕುತ್ತಿದ್ದ ಕಾಲ ನನಗೆ ನೆನಪಿದೆ. ಕಟ್ಟದ ನೀರಿಗಾಗಿ ಅಣ್ಣತಮ್ಮಂದಿರು ಹಾರೆ ಎತ್ತಿಕೊಂಡದ್ದೂ ನೆನಪಿದೆ. ನಾಲ್ಕು ತಿಂಗಳು ಆಕಾಶವೇ ಕಳಚಿ ಬಿದ್ದ ಹಾಗೆ ಮಳೆ ಕಾಣುವ ನಾವು ಜಗಳವಾಡಿದೆವು. ಮಳೆಯನ್ನೇ ಕಾಣದವರು ಕೋಲಿನ ನೆರಳಿಗೆ ತಲೆಬಾಗಿ ಕೂತಿದ್ದಾರೆ.

ಚಾಪೆಯ ಮೇಲೆ

ಆ ಸಂಜೆ ಮಾವಿನ ಮರದ ಕೆಳಗೆ ಚಾಪೆ ಹಾಸಿ ಕೂತೆವು. ಸಾಲಿಂ, ಅವರ ಹೆಂಡತಿ, ನಾನು, ತಮ್ಮ. ಮನೆಯ ಸಂಬಂಧಿಯೊಬ್ಬ ಕಾಫಿ ಹೂಜಿ ಹಿಡಿದು ನಿಂತಿದ್ದ. ಮೊದಲು ಖರ್ಜೂರ, ಆಮೇಲೆ ಕಾಫಿ. ಹಾಲು ಸಕ್ಕರೆ ಇಲ್ಲದ, ಏಲಕ್ಕಿ ಹಾಕಿದ ಕಹಿ ಕಾಫಿ. ಹಿಡಿಯಿಲ್ಲದ ಪುಟ್ಟ ಕಪ್ಪಿನಲ್ಲಿ ಎರಡು ಗುಟುಕು ಮಾತ್ರ. ಕುಡಿದು ಮುಗಿಸಿದೆ, ಅವನು ಮತ್ತೆ ಹಾಕಿದ. ಮುಗಿಸಿದೆ, ಮತ್ತೆ ಹಾಕಿದ. ಬೇಡವೆನ್ನಲು ಸಂಕೋಚ. ನಮ್ಮಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದ ಹಾಗೆ ಕಪ್ಪಿನ ಮೇಲೆ ಕೈಯಿಟ್ಟೆ. ಅವನಿಗೆ ಅರ್ಥವಾಗಲಿಲ್ಲ, ಕಾದು ನಿಂತ. ಕೊನೆಗೆ ಸಾಲಿಂ ಅವರ ಹೆಂಡತಿ ನಗುತ್ತ ತಮ್ಮ ಕಪ್ಪನ್ನು ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಿ ತೋರಿಸಿದರು. ಹಾಗೆ ಅಲುಗಿಸಿದರೆ ಸಾಕು ಎಂದು ಅರ್ಥ. ಕಪ್ಪನ್ನು ತೆಗೆದುಕೊಂಡು ಹೋಗುತ್ತಾರೆ.

ನಾನೂ ಅಲುಗಿಸಿ ಕೊಟ್ಟೆ. ಎಲ್ಲರೂ ನಕ್ಕರು. ಅಷ್ಟರಲ್ಲಿ ಕಾಫಿ ಹಾಕುವವನು ತಮ್ಮನ ಮುಂದೆ ಬಂದ. ತಮ್ಮ ಬಲಗೈಯಲ್ಲಿ ಕಪ್ಪು ಹಿಡಿದು ಕೂತಿದ್ದ. ಅವನು ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ. ಆದರೆ ಕಪ್ಪು ಅಲುಗುತ್ತಿತ್ತು. ಮೊದಲು ಸಣ್ಣಗೆ, ಆಮೇಲೆ ಕಾಫಿ ಅಂಚು ದಾಟಿ ಬೆರಳ ಮೇಲೆ ಚೆಲ್ಲುವಷ್ಟು. ಸಾಕೆಂದು ತಿಳಿದ ಆತ ಕೈ ಚಾಚಿ ಕಪ್ಪನ್ನು ತೆಗೆದುಕೊಂಡ. ತಮ್ಮ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ.

ಸಾಲಿಂ ತಲೆ ಎತ್ತಿದರು. "ಲೋಕು ಕುಡಿದಿಲ್ಲ. ಅವನಿಗೆ ಹಾಕು" ಎಂದರು. ಕಣ್ಣು ಕಾಣದವರು ಅದನ್ನು ಹೇಗೆ ತಿಳಿದರೋ. ಆತ ಮತ್ತೆ ತಂದುಕೊಟ್ಟ. ತಮ್ಮ ಈ ಸಲ ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಒಂದೇ ಸಲಕ್ಕೆ ಕುಡಿದ.

ಕೋಣೆಗೆ ಬಂದ ಮೇಲೆ ಅವನು ಒಲೆ ಹಚ್ಚಿದ. ಕಾಲುವೆಯ ಅಂಚಿನಲ್ಲಿ ಅವನೇ ಬೆಳೆಸಿದ ಬಸಳೆಯ ಚಪ್ಪರವಿತ್ತು. ಬಸಳೆಗೆ ಎಟ್ಟಿ ಹಾಕಿ ಪದಾರ್ಥ ಮಾಡುವ ಸಂಭ್ರಮ ಅವನಿಗೆ. ಬಸಳೆ ದಂಟು ಹೆಚ್ಚುವ ಕತ್ತಿಯನ್ನು ನಾನು ಅವನ ಕೈಯಿಂದ ತೆಗೆದುಕೊಂಡೆ.

"ಎಷ್ಟು ಸಮಯ ಆಯ್ತು ಇದು?"

"ಎಂತದ್ದು?"

"ಲೋಕು, ನಾನು ಜೀವಮಾನ ಇಡೀ ವಾರ್ಡಿನಲ್ಲಿ ಕಳೆದವಳು. ನನ್ನ ಹತ್ರ ಎಂತದ್ದು ಅಂತ ಕೇಳ್ಬೇಡ."

ಅವನು ಒಲೆಯ ಬೆಂಕಿ ಸಣ್ಣ ಮಾಡಿದ. "ಎರಡು ವರ್ಷ ಆಯ್ತೋ ಏನೋ. ಮೊದಲು ಹೆಬ್ಬೆರಳು ಮಾತ್ರ. ಮತ್ತೆ ಕೈ. ಈಗ ಕಾಲು ಸಹ ಕೆಲವು ಸಲ ನೆಲಕ್ಕೆ ಅಂಟಿದ ಹಾಗೆ ಆಗ್ತದೆ."

"ಡಾಕ್ಟರಿಗೆ ತೋರಿಸ್ಲಿಲ್ವಾ?"

"ತೋರಿಸಿದ್ರೆ ಕಾಗದಕ್ಕೆ ಬೀಳ್ತದೆ. ಕೆಲಸ ಮಾಡ್ಲಿಕ್ಕೆ ಆಗದವನು ಅಂತ ಆದ್ರೆ ಇಲ್ಲಿ ಇರ್ಲಿಕ್ಕೆ ಬಿಡುವುದಿಲ್ಲ ಅಕ್ಕ."

ಪಾರ್ಕಿನ್ಸನ್ ಎಂದು ನನ್ನ ಮನಸ್ಸಿಗೆ ಬಂದಾಗಿತ್ತು. ಹೆಸರು ಹೇಳಲಿಲ್ಲ. ಆಮೇಲೆ ಮಣಿಪಾಲದ ವೈದ್ಯರು ಹೇಳಿದ್ದೂ ಅದನ್ನೇ. ಆ ರಾತ್ರಿ ನಾನು ಬಸಳೆ ಹೆಚ್ಚಿದೆ, ಅವನು ಕಾಯಿ ಕಡೆದ. ಇಬ್ಬರೂ ಸೇರಿ ಉಂಡೆವು. ರುಚಿ ನಮ್ಮ ಅಮ್ಮನದ್ದೇ ಆಗಿತ್ತು.

ಹೂ ಕಟ್ಟುವ ಸಮಯ

ನಾನು ಹೋದದ್ದು ಖರ್ಜೂರ ಹೂ ಬಿಡುವ ಕಾಲಕ್ಕೆ. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಾಳಿಯನ್ನು ನಂಬಿ ಕೂತರೆ ಕಾಯಿ ಕಚ್ಚುವುದಿಲ್ಲ. ಗಂಡು ಮರದ ಹೂಗೊಂಚಲನ್ನು ಕೊಯ್ದು, ಪ್ರತಿಯೊಂದು ಹೆಣ್ಣು ಮರವನ್ನೂ ಹತ್ತಿ, ಅದರ ಹೂವಿನ ನಡುವೆ ನಾಲ್ಕೆಳೆ ಸಿಕ್ಕಿಸಿ ಕಟ್ಟಬೇಕು. ಹೂ ಒಡೆದ ಕೆಲವೇ ದಿನಗಳಲ್ಲಿ ಮುಗಿಯಬೇಕಾದ ಕೆಲಸ. ಈ ವರ್ಷ ಮರ ಹತ್ತುತ್ತಿದ್ದವನು ರಫೀಕ್ ಎಂಬ ಬಾಂಗ್ಲಾದೇಶದವನು. ತಮ್ಮ ಕೆಳಗೆ ನಿಂತು ಹೇಳಿಕೊಡುತ್ತಿದ್ದ. ಮಂಡಿ ನೋವು, ಅದಕ್ಕೇ ಹತ್ತುತ್ತಿಲ್ಲ ಎಂದು ಎಲ್ಲರಿಗೂ ಹೇಳಿದ್ದನಂತೆ.

ಮೂರನೆಯ ದಿನ ರಫೀಕ್ ಪೇಟೆಗೆ ಹೋಗಿದ್ದ. ನಾನು ಸಾಲಿಂ ಅವರ ಹೆಂಡತಿಯ ಜೊತೆ ಲಿಂಬೆ ಆರಿಸುತ್ತ ಕೂತಿದ್ದೆ. ಸಾಲಿಂ ಕಾಲುವೆಯ ಕಟ್ಟೆಯ ಮೇಲಿದ್ದರು. ತಲೆಯೆತ್ತಿ ನೋಡಿದರೆ, ಬೇಲಿಯ ಹತ್ತಿರದ ಎತ್ತರದ ಮರದಲ್ಲಿ ನನ್ನ ತಮ್ಮ. ಸೊಂಟಕ್ಕೂ ಮರಕ್ಕೂ ಸೇರಿಸಿ ಸುತ್ತಿದ ಹಗ್ಗ, ಬೆನ್ನಿಗೆ ಹೂವಿನ ಚೀಲ. ಹಗ್ಗವನ್ನು ಮೇಲಕ್ಕೆ ಚಿಮ್ಮಿಸುತ್ತ, ಕಾಲೂರುತ್ತ, ಅರ್ಧಕ್ಕಿಂತ ಮೇಲೆ ಹೋಗಿದ್ದ. ಒಂದು ಕ್ಷಣ ನನಗೆ ಅಪ್ಪನನ್ನೇ ಕಂಡ ಹಾಗಾಯಿತು. ಕೂಗಿದರೆ ಬೆದರಿಯಾನು ಎಂದು ಬಾಯಿ ಮುಚ್ಚಿಕೊಂಡೆ.

ಅವನು ಮೇಲೆ ಮುಟ್ಟಿ ಹೂ ಕಟ್ಟಿದ. ತುಂಬ ಹೊತ್ತು ತೆಗೆದುಕೊಂಡ. ಆಮೇಲೆ ಇಳಿಯಲು ಒಂದು ಕಾಲು ಕೆಳಗಿಟ್ಟ. ಅಲ್ಲೇ ನಿಂತ. ಇನ್ನೊಂದು ಕಾಲು ಬರಲಿಲ್ಲ. ಕೈ ನಡುಗುತ್ತಿತ್ತು, ಹಗ್ಗ ಸಡಿಲಿಸಲೂ ಆಗದು, ಬಿಗಿಯಲೂ ಆಗದು. ನಾನು ಓಡಿ ಹೋಗಿ ಮರದ ಬುಡದಲ್ಲಿ ನಿಂತೆ. ನಿಂತು ಏನು ಮಾಡಲಿ? ಅವನ ಮುಖ ಮರಕ್ಕೆ ಒತ್ತಿಕೊಂಡಿತ್ತು. "ಲೋಕು" ಎಂದೆ.

ಹಿಂದಿನಿಂದ ಕೋಲಿನ ಸದ್ದು. ಸಾಲಿಂ ಬಂದು ನನ್ನನ್ನು ಸರಿಸಿ, ಎರಡೂ ಕೈಗಳನ್ನು ಮರದ ಮೇಲಿಟ್ಟರು. ಕೋಲು ಕೆಳಗೆ ಬಿತ್ತು. ಅವರು ಮೇಲಕ್ಕೆ ಮುಖ ಮಾಡಿ ಕರೆದದ್ದು ಅರಬ್ಬಿಯಲ್ಲೂ ಅಲ್ಲ, ಹಿಂದಿಯಲ್ಲೂ ಅಲ್ಲ.

"ಮೆಲ್ಲ ಜಪ್ಪು, ಲೋಕು. ಮೆಲ್ಲ ಜಪ್ಪು."

ತುಳು. ಮೆಲ್ಲ ಇಳಿ ಎಂದು ಅರ್ಥ. ಅವರು ಒಂದೇ ಲಯದಲ್ಲಿ, ಅಂಗೈಯಿಂದ ಮರಕ್ಕೆ ತಟ್ಟುತ್ತ ಹೇಳುತ್ತಲೇ ಹೋದರು. ತಟ್ಟಿದಾಗ ಒಂದು 'ಮೆಲ್ಲ', ತಟ್ಟಿದಾಗ ಒಂದು 'ಜಪ್ಪು'. ಮೇಲಿನ ಕಾಲು ಅಲುಗಿತು. ಒಂದು ಹೆಜ್ಜೆ ಬಂತು. ಮತ್ತೆ ನಿಂತಿತು. ಮುದುಕರ ಸ್ವರ ಒಡೆಯುತ್ತಿತ್ತು, ಆದರೆ ಲಯ ತಪ್ಪಲಿಲ್ಲ. ಮೆಲ್ಲ ಜಪ್ಪು, ಮೆಲ್ಲ ಜಪ್ಪು. ಹೀಗೆ ಒಂದೊಂದೇ ಹೆಜ್ಜೆಯಾಗಿ ನನ್ನ ತಮ್ಮ ನೆಲಕ್ಕೆ ಬಂದ. ಕಾಲು ನೆಲ ಮುಟ್ಟಿದ ಕೂಡಲೇ ಸಾಲಿಂ ಅವನ ತಲೆ, ಭುಜ, ಕೈ ಎಲ್ಲವನ್ನೂ ತಡವಿ ನೋಡಿದರು. ಏಟಾಗಿಲ್ಲವೆಂದು ಖಾತ್ರಿಯಾದ ಮೇಲೆ ಅರಬ್ಬಿಯಲ್ಲಿ ಬೈಯತೊಡಗಿದರು. ಬೈಯುತ್ತ ಬೈಯುತ್ತ ಅಲ್ಲೇ ಕುಸಿದು ಕೂತರು.

ಆ ಸಂಜೆ ಕಾಲುವೆಯ ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕೂತು ಕೇಳಿದೆ, ಆ ಮಾತು ನಿಮಗೆ ಎಲ್ಲಿಂದ ಬಂತು ಎಂದು.

"ಅವನಿಂದಲೇ. ನನ್ನ ಕಣ್ಣು ಮಂಜಾಗತೊಡಗಿದ ಮೇಲೂ ನಾನು ಮರ ಹತ್ತುತ್ತಿದ್ದೆ. ಹಟ. ಇಳಿಯುವಾಗ ಇವನು ಕೆಳಗೆ ನಿಂತು ಹಾಗೆ ಹೇಳುತ್ತಿದ್ದ. ಒಂದು ದಿನ ಹಗ್ಗವನ್ನೇ ಬಚ್ಚಿಟ್ಟ." ಅವರು ಮತ್ತೆ ಹೇಳಿದರು: "ಅಕ್ಕ, ನಾಸಿರನಿಂದ ಫೋನ್ ಮಾಡಿಸಿದ್ದು ನಾನು."

"ನಿಮಗೆ ಹೇಗೆ ಗೊತ್ತಾಯಿತು?"

"ಅವನ ಚಪ್ಪಲಿ. ಮೊದಲು ಎರಡು ಕಾಲಿಗೂ ಒಂದೇ ಸದ್ದು. ಈಗ ಒಂದು ಎಳೆಯುತ್ತದೆ." ನೀರಿನ ಕಡೆ ಮುಖ ತಿರುಗಿಸಿದರು. "ಅವನಿಗೆ ಹೋಗು ಎಂದು ನಾನು ಹೇಳಲಾರೆ. ಇರು ಎಂದೂ ಹೇಳಬಾರದು. ಅದಕ್ಕೇ ನಿಮ್ಮನ್ನು ಕರೆಸಿದ್ದು."

ಹಳೇ ಊರು

ಮರುದಿನ ತಮ್ಮ ನನ್ನನ್ನು ಹಳೇ ಅಲ್ ಹಮ್ರಾಕ್ಕೆ ಕರೆದುಕೊಂಡು ಹೋದ. ಗುಡ್ಡದ ಇಳಿಜಾರಿನಲ್ಲಿ ಮಣ್ಣಿನ ಮನೆಗಳು, ಎರಡು ಮೂರು ಮಾಳಿಗೆಯವು. ಹೆಚ್ಚಿನವು ಖಾಲಿ. ಜನರು ಕೆಳಗೆ ಸಿಮೆಂಟಿನ ಮನೆ ಕಟ್ಟಿಕೊಂಡು ಇಳಿದುಹೋಗಿದ್ದಾರೆ. ಮಾಡು ಬಿದ್ದಲ್ಲಿ ಖರ್ಜೂರದ ಕಾಂಡದ ಜಂತಿಗಳು ಹೊರಗೆ ಕಾಣುತ್ತಿದ್ದವು. ನಮ್ಮ ಕಡೆಯ ಮಣ್ಣಿನ ಗೋಡೆ ಮಾಡು ಹೋದರೆ ಒಂದು ಮಳೆಗಾಲದಲ್ಲಿ ಕರಗಿ ಮಣ್ಣಾಗುತ್ತದೆ. ಇಲ್ಲಿ ಮಳೆಯಿಲ್ಲ, ಹಾಗಾಗಿ ಬಿಟ್ಟುಹೋದ ಮನೆಗಳು ನಿಂತೇ ಇರುತ್ತವೆ.

ಒಂದು ಹೊಸ್ತಿಲ ಮೇಲೆ ಕೂತೆವು. ಕೆಳಗೆ ತೋಟಗಳ ಹಸಿರು, ಅದರಾಚೆ ಬೋಳು ಬಯಲು. ಮೂರು ಮೇಕೆಗಳು ಗೋಡೆ ಹತ್ತಿ ನಮ್ಮನ್ನು ನೋಡುತ್ತಿದ್ದವು.

"ಊರಿಗೆ ಹೋಗುವ ಲೋಕು" ಎಂದೆ. "ಮಣಿಪಾಲದಲ್ಲಿ ತೋರಿಸುವ. ಔಷಧಿ ಉಂಟು. ಪೂರ್ತಿ ಗುಣ ಆಗುವ ಕಾಯಿಲೆ ಅಲ್ಲ, ನಾನು ಸುಳ್ಳು ಹೇಳುವುದಿಲ್ಲ. ಆದ್ರೆ ಈ ನಡುಕ ಕಡಿಮೆ ಆಗ್ತದೆ."

"ಊರಲ್ಲಿ ನಂಗೆ ಎಂತ ಉಂಟು ಅಕ್ಕ?" ಅವನ ಸ್ವರದಲ್ಲಿ ಸಿಟ್ಟಿರಲಿಲ್ಲ. "ಕಾಪು ಪೇಟೆಯಲ್ಲಿ ನಡೆದ್ರೆ ನನ್ನ ಗುರ್ತ ಹಿಡಿಯುವವರು ನಾಲ್ಕು ಜನ ಇಲ್ಲ. ಇಲ್ಲಿ ನಾಯಿಗೂ ನನ್ನ ಗುರ್ತ ಉಂಟು."

"ನಾನಿದ್ದೇನಲ್ಲ. ಭಾವ ಇದ್ದಾರೆ."

"ನೀನಿದ್ದಿ. ನೀನೊಬ್ಬಳು ಊರು ಆಗ್ತದಾ?"

ಮರಳುಗಾಡಿನಲ್ಲಿ ಒಂಟಿಯಾಗಿ ಬಿದ್ದಿರುವ ತಮ್ಮನನ್ನು ಮನೆಗೆ ಕರೆತರುತ್ತೇನೆ ಎಂದುಕೊಂಡು ಹೊರಟವಳು ನಾನು. ಈಗ, ಬೇರು ಬಿಟ್ಟು ನಿಂತವನನ್ನು ಕೀಳಲು ಬಂದ ಹಾಗಾಗಿತ್ತು. ನಾವಿಬ್ಬರೂ ಮೇಕೆಗಳನ್ನು ನೋಡುತ್ತ ಕೂತೆವು.

ಅವನೇ ಕೇಳಿದ. "ನಿನ್ನೆ ಅವರ ಸ್ವರ ಕೇಳಿದೆಯಾ?"

"ಕೇಳಿದೆ."

"ನಾನು ಬಿದ್ರೆ ಆ ಮುದುಕ ಉಳಿಯುವುದಿಲ್ಲ. ಇಲ್ಲಿ ಇದ್ರೆ ನಾನು ಹತ್ತದೆ ಇರುವುದೂ ಇಲ್ಲ, ನಂಗೆ ನನ್ನ ಗೊತ್ತುಂಟು." ಅವನು ಎದ್ದು ನಿಲ್ಲಲು ನನ್ನ ಭುಜ ಹಿಡಿದ. "ಟಿಕೆಟ್ ಮಾಡ್ಲಿಕ್ಕೆ ಹೇಳು ಅಕ್ಕ. ನಾಸಿರನಿಗೆ ನೀನೇ ಹೇಳು. ನಂಗೆ ಹೇಳ್ಲಿಕ್ಕೆ ಆಗುವುದಿಲ್ಲ."

ಹೊರಟ ದಿನ

ನಾಸಿರ್ ಎಲ್ಲ ಏರ್ಪಾಡು ಮಾಡಿದರು. ಹೊರಡುವ ಬೆಳಿಗ್ಗೆ ಸಾಲಿಂ ಅವರ ಹೆಂಡತಿ ನನ್ನ ಪೆಟ್ಟಿಗೆಯಲ್ಲಿ ಜಾಗ ಉಳಿಯದಷ್ಟು ಖರ್ಜೂರ ತುಂಬಿದರು. ಬಸಳೆ ಚಪ್ಪರವನ್ನು ತಾವು ನೋಡಿಕೊಳ್ಳುವುದಾಗಿ ಸನ್ನೆ ಮಾಡಿದರು. ರಫೀಕ್ ಸಾಮಾನು ಕಾರಿಗೆ ಇಟ್ಟ.

ಸಾಲಿಂ ಒಂದೇ ಮಾತು ಹೇಳಿದರು: "ಲೋಕು, ತೋಟ ಒಂದು ಸುತ್ತು ತೋರಿಸು."

ಅವರು ತಮ್ಮ ಕೈಯನ್ನು ಲೋಕೇಶನ ಭುಜದ ಮೇಲಿಟ್ಟರು. ಇಬ್ಬರೂ ಹೊರಟರು. ನಾನು ಬಾಗಿಲಲ್ಲೇ ನಿಂತೆ. ಕಣ್ಣು ಕಾಣದವರು ಕೈ ನಡುಗುವವನನ್ನು ಹಿಡಿದುಕೊಂಡು, ಮರದಿಂದ ಮರಕ್ಕೆ ಹೋಗುತ್ತಿದ್ದರು. ಪ್ರತಿ ಮರದ ಬಳಿಯೂ ನಿಲ್ಲುವುದು, ತಮ್ಮ ಏನೋ ಹೇಳುವುದು, ಸಾಲಿಂ ಕಾಂಡ ಮುಟ್ಟುವುದು. ಯಾವುದಕ್ಕೆ ಹೂ ಕಟ್ಟಿ ಆಗಿದೆ, ಯಾವುದಕ್ಕೆ ಇಲ್ಲ, ಯಾವುದರ ಬುಡಕ್ಕೆ ಮಣ್ಣು ಬೇಕು, ಅಷ್ಟೇ ಇರಬೇಕು ಅವರ ಮಾತು. ಅವರು ತೋಟದ ಆಚೆ ಮೂಲೆಗೆ ಹೋದಾಗ ಸ್ವರ ಕೇಳಿಸಲಿಲ್ಲ. ತುಂಬ ಹೊತ್ತು ಅಲ್ಲೇ ನಿಂತಿದ್ದರು.

ತಿರುಗಿ ಬಂದದ್ದು ತಮ್ಮನೊಬ್ಬನೇ. "ಅವರು ನೀರಿನ ಸರದಿ ಆಗುವವರೆಗೆ ಅಲ್ಲೇ ಇರ್ತಾರಂತೆ" ಎಂದ. ಕಾರು ಹತ್ತಿದ. ಹಿಂದಕ್ಕೆ ನೋಡಲಿಲ್ಲ.

ಮಸ್ಕತ್ ವಿಮಾನ ನಿಲ್ದಾಣದಲ್ಲಿ, ಹೊರಹೋಗುವ ಗೇಟಿನಲ್ಲಿ ಬೆರಳ ಗುರುತು ಕೊಡಬೇಕಾಯಿತು. ತಮ್ಮ ಗಾಜಿನ ಮೇಲೆ ಬೆರಳಿಟ್ಟ. ನಡುಗುವ ಬೆರಳನ್ನು ಯಂತ್ರ ಒಪ್ಪಲಿಲ್ಲ. ಮತ್ತೆ ಇಟ್ಟ. ಮತ್ತೆ ಕೆಂಪು ದೀಪ. ಹಿಂದಿನ ಸಾಲಿನವರು ಗೊಣಗಿದರು. ನಾನು ಅವನ ಮಣಿಕಟ್ಟು ಹಿಡಿಯಲು ಮುಂದೆ ಹೋದೆ, ಗೆರೆ ದಾಟಬಾರದೆಂದು ತಡೆದರು. ಗಾಜಿನ ಹಿಂದಿದ್ದ ಅಧಿಕಾರಿ ಎದ್ದ. ಚಿಕ್ಕ ವಯಸ್ಸಿನವನು. ಬೈಯುತ್ತಾನೆಂದುಕೊಂಡೆ.

"ಎಲ್ಲಿ ಕೆಲಸ ಮಾಡುತ್ತಿದ್ದೆ, ಬಾಬಾ?" ಎಂದು ಹಿಂದಿಯಲ್ಲಿ ಕೇಳಿದ.

"ಅಲ್ ಹಮ್ರಾ. ಖರ್ಜೂರದ ತೋಟ."

"ಮತ್ತೆ ಬರುತ್ತೀಯಾ?"

ತಮ್ಮ ಮತ್ತೆ ಗಾಜಿನ ಮೇಲೆ ಬೆರಳಿಟ್ಟ. ಆ ಹುಡುಗ ತನ್ನ ಪೆಟ್ಟಿಗೆಯಂಥ ಕೋಣೆಯಿಂದ ಹೊರಗೆ ಬಂದು, ತಮ್ಮನ ಪಕ್ಕದಲ್ಲಿ ನಿಂತು, ಅವನ ಕೈಯನ್ನು ತನ್ನ ಎರಡೂ ಕೈಗಳ ನಡುವೆ ಹಿಡಿದು ಗಾಜಿಗೆ ಒತ್ತಿ ನಿಲ್ಲಿಸಿದ. ಹಸಿರು ದೀಪ ಬಂತು.

ಮಂಗಳೂರಿನ ಕಡೆಗೆ

ವಿಮಾನದಲ್ಲಿ ಅವನಿಗೆ ಕಿಟಕಿಯ ಪಕ್ಕ ಕೊಟ್ಟೆ. ಒಣ ಬೆಟ್ಟಗಳು ಮುಗಿದು ಸಮುದ್ರ ಶುರುವಾಗುವವರೆಗೆ ನೋಡುತ್ತಿದ್ದ. ಆಮೇಲೆ ನನ್ನ ಕಡೆ ವಾಲಿ ನಿದ್ದೆ ಹೋದ. ಬಲಗೈ ಜಾರಿ ನನ್ನ ಮಡಿಲಿಗೆ ಬಿತ್ತು. ಖರ್ಜೂರದ ಗರಿಯ ಮುಳ್ಳು ಚುಚ್ಚಿದ ಕಲೆಗಳಿದ್ದ, ಗಂಟುಗಂಟಾದ ಕೈ.

ಅದು ನಡುಗುತ್ತಿರಲಿಲ್ಲ.

ಈ ಕಾಯಿಲೆಯಲ್ಲಿ ನಿದ್ದೆ ಬಂದಾಗ ನಡುಕ ನಿಲ್ಲುತ್ತದೆ. ಅದು ನನಗೆ ಗೊತ್ತಿದ್ದದ್ದೇ. ಎಷ್ಟೋ ರೋಗಿಗಳಲ್ಲಿ ನೋಡಿದ್ದೇನೆ. ಆದರೂ ಆ ಕೈಯನ್ನು ನೋಡುತ್ತ ಕೂತೆ. ಗಗನಸಖಿ ಊಟದ ತಟ್ಟೆ ಹಿಡಿದುಕೊಂಡು ಬಂದಾಗ, ಬೇಡವೆಂದು ತಲೆಯಾಡಿಸಿದೆ. ಪಕ್ಕದವರು ಓದಲು ಪತ್ರಿಕೆ ಕೊಟ್ಟಾಗಲೂ ಕೈ ಚಾಚಲಿಲ್ಲ. ಕೆಳಗೆ ನಮ್ಮ ಕರಾವಳಿಯ ತೆಂಗಿನ ತೋಟಗಳು ಕಾಣಿಸಿಕೊಂಡು, ಚಕ್ರ ನೆಲಕ್ಕೆ ತಾಗಿ ಅವನು ಬೆಚ್ಚಿ ಎಚ್ಚರವಾಗುವವರೆಗೂ ನಾನು ಅಲುಗಲಿಲ್ಲ.